ಸಾಂತಿಯಾಗೋದ ಗಂಟೆಗಳು

ಸ್ಪೇನಿನ ವಾಯವ್ಯ ಮೂಲೆಯಲ್ಲಿ, ಮಳೆ ಹೆಚ್ಚಾಗಿ ಸುರಿಯುವ ಗಲೀಸಿಯಾ ಪ್ರಾಂತದಲ್ಲಿ ಸಾಂತಿಯಾಗೋ ದೆ ಕಂಪೋಸ್ತೇಲಾ ಎಂಬ ಪಟ್ಟಣವಿದೆ. ಅಲ್ಲಿನ ಕಲ್ಲಿನ ಮಹಾ ಚರ್ಚು ಕ್ರೈಸ್ತರ ಪ್ರಮುಖ ಯಾತ್ರಾಸ್ಥಳ. ಪ್ರವಾದಿ ಈಸಾ(ಅ)ರ ಶಿಷ್ಯ ಯಾಕೋಬರ ಸಮಾಧಿ ಅಲ್ಲಿದೆ ಎಂಬುದು ಅವರ ನಂಬಿಕೆ. ಸಾಂತಿಯಾಗೋ ಎಂದರೆ ಸಂತ ಯಾಕೋಬ ಎಂದೇ ಅರ್ಥ.

9ನೇ ಶತಮಾನದ ಆರಂಭದಲ್ಲಿ ಈ ಸಮಾಧಿ ಪತ್ತೆಯಾಯಿತೆಂದು ಅಲ್ಲಿನ ಬಿಷಪರು ಸಾರಿದರು. ದೊರೆ 2ನೇ ಅಲ್ಫೋನ್ಸೋ ಒಂದು ಚಿಕ್ಕ ಚರ್ಚು ಕಟ್ಟಿಸಿದ. 899ರಲ್ಲಿ ಅದರ ಜಾಗದಲ್ಲಿ ದೊಡ್ಡ ಚರ್ಚು ಸಿದ್ಧವಾಯಿತು.

ಆಗ ಸ್ಪೇನಿನ ಬಹುಭಾಗ ಕೊರ್ಡೋವಾದ ಮುಸ್ಲಿಮ್ ಆಳ್ವಿಕೆಯಲ್ಲಿತ್ತು. ಅಲ್ಲಿನ ಖಲೀಫನ ಹೆಸರಿನಲ್ಲಿ ಅಧಿಕಾರ ನಡೆಸುತ್ತಿದ್ದ ಅಲ್‌ಮನ್ಸೂರ್ 997ರಲ್ಲಿ ಸಾಂತಿಯಾಗೋದ ಮೇಲೆ ದಂಡೆತ್ತಿ ಹೋದ. ಜನರು ಮೊದಲೇ ಊರು ಬಿಟ್ಟಿದ್ದರು. ಸೇನೆ ಚರ್ಚನ್ನು ನೆಲಸಮ ಮಾಡಿತು. ಆದರೆ ಸಮಾಧಿಯ ಬಳಿ ಒಬ್ಬ ವೃದ್ಧ ಸನ್ಯಾಸಿ ಒಂಟಿಯಾಗಿ ಕುಳಿತಿದ್ದನೆಂದೂ, ಅವನನ್ನೂ ಸಮಾಧಿಯನ್ನೂ ಯಾರೂ ಮುಟ್ಟಬಾರದೆಂದು ಅಲ್‌ಮನ್ಸೂರ್ ಆಜ್ಞಾಪಿಸಿದನೆಂದೂ ಅರಬ್ ಇತಿಹಾಸಕಾರರು ಬರೆದಿದ್ದಾರೆ. ಚರ್ಚಿನ ಗಂಟೆಗಳನ್ನು ಮಾತ್ರ ಕೊರ್ಡೋವಾಕ್ಕೆ ಒಯ್ಯಲಾಯಿತು. ಕ್ರೈಸ್ತ ಸೆರೆಯಾಳುಗಳೇ ಅವುಗಳನ್ನು ಹೊತ್ತರೆಂಬ ಪ್ರತೀತಿಯಿದೆ. ಅಲ್ಲಿನ ಜಾಮಿಅ್ ಮಸೀದಿಯಲ್ಲಿ ಅವು ದೀಪಗಳಾದವು.

1236ರಲ್ಲಿ ಚಕ್ರ ತಿರುಗಿತು. ದೊರೆ 3ನೇ ಫರ್ಡಿನಾಂಡ್ ಕೊರ್ಡೋವಾವನ್ನು ಗೆದ್ದ. ಆ ಭವ್ಯ ಮಸೀದಿ ಚರ್ಚಾಯಿತು. ಗಂಟೆಗಳು ಮುಸ್ಲಿಮ್ ಸೆರೆಯಾಳುಗಳ ಹೆಗಲೇರಿ ಸಾಂತಿಯಾಗೋಕ್ಕೆ ಮರಳಿದವೆಂದು ಕ್ರೈಸ್ತ ದಾಖಲೆಗಳು ಹೇಳುತ್ತವೆ. ಗೆದ್ದವರು ಬದಲಾದರು, ಭಾರ ಹೊತ್ತವರು ಎರಡು ಸಲವೂ ನಿರ್ಗತಿಕ ಬಂದಿಗಳೇ.

ಈಗಿರುವ ಚರ್ಚಿನ ಕೆಲಸ 1075ರಲ್ಲಿ ಆರಂಭವಾಗಿ, 1211ರಲ್ಲಿ ಅದರ ಪ್ರತಿಷ್ಠೆ ನಡೆಯಿತು. ಶಿಲ್ಪಿ ಮಾತೆಯೋ ರೂಪಿಸಿದ ಮಹಾದ್ವಾರದಲ್ಲಿ 1188ರ ಶಾಸನವಿದೆ. ಒಳಗೆ, ಕುದುರೆಯೇರಿ ಮುಸ್ಲಿಮರನ್ನು ಕಡಿಯುವ ಸಂತನ ಪ್ರತಿಮೆಯೂ ಇದೆ. 2004ರಲ್ಲಿ ಅದನ್ನು ತೆಗೆಯುವ ಮಾತು ಬಂದಿತ್ತು, ತೆಗೆಯಲಿಲ್ಲ. ಕುದುರೆಯ ಕಾಲಡಿಯ ಆಕೃತಿಗಳನ್ನು ಹೂಗಳಿಂದ ಮರೆಮಾಡಿದ್ದುಂಟು.

ಇಂದು ಯಾತ್ರಿಕರು ಚಿಪ್ಪಿನ ಗುರುತು ಹಿಡಿದು ಹಳ್ಳಿ, ಬೆಟ್ಟ ದಾಟಿ ನಡೆದು ಬರುತ್ತಾರೆ. ಕೊನೆಯ 100 ಕಿಲೋಮೀಟರನ್ನಾದರೂ ನಡೆದವರಿಗೆ ಪ್ರಮಾಣಪತ್ರ ಸಿಗುತ್ತದೆ. 2024ರಲ್ಲಿ ಸುಮಾರು 5 ಲಕ್ಷ ಮಂದಿ ಬಂದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರು.

ಪವಿತ್ರ ಕುರ್‌ಆನ್‌ನ ಅಲ್‌ಹಜ್ಜ್ ಅಧ್ಯಾಯವು ಮಠ, ಚರ್ಚು, ಯಹೂದಿ ಆರಾಧನಾಲಯಗಳನ್ನು ಮಸೀದಿಯ ಜೊತೆಗೇ ಹೆಸರಿಸಿ, ಅವುಗಳ ರಕ್ಷಣೆಯ ಕುರಿತು ಮಾತನಾಡುತ್ತದೆ. ಅಲ್‌ಮನ್ಸೂರ್ ಕೆಡವಿಸಿದ್ದು ಆ ಬೋಧನೆಗೆ ವಿರುದ್ಧ. ವೃದ್ಧನನ್ನು ಉಳಿಸಿದ್ದು ಅದಕ್ಕೆ ಅನುಗುಣ. ಸ್ಪೇನಿನ ವೈಭವವನ್ನು ಮಕ್ಕಳಿಗೆ ಹೇಳುವಾಗ ಕಳೆದುಕೊಂಡ ಮಸೀದಿಯ ಕಥೆಯೊಂದೇ ಸಾಲದು. ಈ ಗಂಟೆಗಳ ಕಥೆಯನ್ನೂ ಹೇಳೋಣ.