ಕೌನ್ಸೆಲರ್ ಹತ್ತಿರ ಮೊದಲ ದಿನ

ವೈವಾಗೆ ಮುಂಚೆ ಸೀನಿಯರ್‌ಗಳನ್ನು ಹಿಡಿದು "ಎಕ್ಸ್‌ಟರ್ನಲ್ ಏನು ಕೇಳ್ತಾರೆ?" ಅಂತ ವಿಚಾರಿಸ್ತೀವಿ. ಪಿಜಿ ಸೇರುವ ಮುಂಚೆ ಊಟ ಹೇಗಿದೆ ಅಂತ ಕೇಳ್ತೀವಿ. ಆದರೆ ದುಡ್ಡು ಕೊಟ್ಟು ಕೌನ್ಸೆಲರ್ ಹತ್ತಿರ ಹೋಗುವ ಮುಂಚೆ ಯಾರನ್ನೂ ಕೇಳಲ್ಲ. ಕೇಳಿದರೆ "ಯಾಕೋ, ಏನಾಯ್ತು ನಿಂಗೆ?" ಅನ್ನೋದಕ್ಕೆ ಉತ್ತರ ಕೊಡಬೇಕಲ್ಲ! ಮೂರನೇ ಸೆಮಿಸ್ಟರ್‌ನಲ್ಲಿ ನಾವೂ ಹಾಗೇ ಏನೂ ಗೊತ್ತಿಲ್ಲದೆ ಹೋದೆವು. ಮುಂದೆ ಹೋಗುವವರಿಗೆ ಇರಲಿ ಅಂತ ಇದನ್ನು ಬರೀತಿದ್ದೀವಿ.

ಸಿನಿಮಾದಲ್ಲಿ ತೋರಿಸೋ ಹಾಗೆ ಅಲ್ಲಿ ಮಲಗೋ ಸೋಫಾ ಇರಲಿಲ್ಲ. ಎರಡು ಕುರ್ಚಿ, ಒಂದು ಟಿಶ್ಯೂ ಡಬ್ಬಿ, ಗೋಡೆ ಗಡಿಯಾರ, ಅಷ್ಟೇ. ಒಂದು ಸೆಷನ್ ಸಾಮಾನ್ಯವಾಗಿ 45ರಿಂದ 60 ನಿಮಿಷ. ಮೊದಲು ಫಾರ್ಮ್ ತುಂಬಿಸ್ತಾರೆ. ಆಮೇಲೆ ನಿದ್ದೆ ಹೇಗೆ, ಊಟ ಹೇಗೆ, ಮನೆಯಲ್ಲಿ ಯಾರ್ಯಾರು, ಯಾವಾಗಿನಿಂದ ಹೀಗೆ ಅಂತ ಕೇಳ್ತಾರೆ. "ಸಾಯಬೇಕು ಅನ್ನಿಸಿದೆಯಾ?" ಅಂತ ನೇರವಾಗಿ ಕೇಳಬಹುದು. ಬೆಚ್ಚಬೇಡಿ, ನಿಜ ಹೇಳಿ.

ಹೇಳಿದ್ದು ಮನೆಗೆ, ಕಾಲೇಜಿಗೆ ಹೋಗುತ್ತಾ? ಇಲ್ಲ. ಅದನ್ನು ಗುಟ್ಟಾಗಿಡುವುದು ಅವರ ವೃತ್ತಿಯ ನಿಯಮ. ಯಾರದಾದರೂ ಜೀವಕ್ಕೆ ಅಪಾಯ ಅನ್ನಿಸುವಂಥ ಸಂದರ್ಭಗಳಲ್ಲಿ ಬೇರೆಯವರಿಗೆ ತಿಳಿಸ್ತಾರೆ. ಈ ನಿಯಮವನ್ನು ಮೊದಲ ದಿನವೇ ಕೇಳಿ ಸ್ಪಷ್ಟ ಮಾಡಿಕೊಳ್ಳಿ.

ನಮಗೆ ಕಷ್ಟವಾಗಿದ್ದು ಬೇರೆ. ಎಲ್‌ಕೆಜಿಯಿಂದ ಇಂಗ್ಲಿಷಿನಲ್ಲೇ ಓದಿದವರು ನಾವು. ಸ್ಟ್ರೆಸ್, ಆಂಕ್ಸೈಟಿ, ಬರ್ನ್‌ಔಟ್ ಅಂತ ಸಲೀಸಾಗಿ ಹೇಳುತ್ತಾ ಹೋದೆವು. ಯಾವುದೋ ರೀಲ್‌ನಲ್ಲಿ ಕೇಳಿದ್ದನ್ನೇ ಒಪ್ಪಿಸ್ತಿದ್ದೀವಿ ಅನ್ನಿಸಿತು. ಅವರು "ಇದನ್ನೇ ಅಮ್ಮನಿಗೆ ಹೇಳೋದಾದ್ರೆ ಹೇಗೆ ಹೇಳ್ತೀರಾ?" ಅಂದರು. ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ "ರಾತ್ರಿ ಹೊಟ್ಟೇಲಿ ಕಿವುಚಿದ ಹಾಗಾಗುತ್ತೆ. ಅಪ್ಪ ಫೀಸಿಗೆ ಸಾಲ ಮಾಡಿದ್ದಾರೆ, ಒಂದು ಸಬ್ಜೆಕ್ಟ್ ಹೋದ್ರೂ ಅನ್ನೋ ದಿಗಿಲು" ಅಂದೆವು. ಟಿಶ್ಯೂ ಡಬ್ಬಿ ಯಾಕಿದೆ ಅಂತ ಆಗ ಗೊತ್ತಾಯ್ತು. ಅದಕ್ಕೇ ಹೇಳೋದು, ಬುಕ್ ಮಾಡುವಾಗಲೇ ಕನ್ನಡದಲ್ಲಿ ಮಾತಾಡಬಹುದಾ ಅಂತ ಕೇಳಿ. ದಿಗಿಲು, ಸಂಕಟ, ತಳಮಳ ಎಲ್ಲ ಒಂದೇ ಅಲ್ಲ. ಯಾವುದು ನಮ್ಮದು ಅಂತ ನಮಗೇ ಗೊತ್ತಿರುತ್ತೆ.

ಫೀಸ್ ಎಷ್ಟು, ಅಪಾಯಿಂಟ್‌ಮೆಂಟ್ ತಪ್ಪಿದರೆ ಕಟ್ಟಬೇಕಾ, ಏನು ಓದಿದ್ದಾರೆ ಅಂತಲೂ ಮೊದಲೇ ಕೇಳಿ, ಸಂಕೋಚ ಬೇಡ. ಕೌನ್ಸೆಲರ್ ಮಾತ್ರೆ ಬರೆದುಕೊಡಲ್ಲ, ಅದು ಸೈಕಿಯಾಟ್ರಿಸ್ಟ್ ಕೆಲಸ, ಬೇಕಾದರೆ ಕಳಿಸ್ತಾರೆ.

ಮೊದಲ ದಿನವೇ ಪರಿಹಾರ ಸಿಗಲ್ಲ. ನಮಗಂತೂ ಹಾಸ್ಟೆಲಿಗೆ ಬಂದಾಗ ಸುಸ್ತೇ ಹೆಚ್ಚಾಗಿತ್ತು. ಮೂರ್ನಾಲ್ಕು ಸಲ ಹೋದ ಮೇಲೂ ಹೊಂದಾಣಿಕೆ ಆಗದಿದ್ದರೆ ಬೇರೆಯವರನ್ನು ನೋಡಬಹುದು. ಅವರು ಬೇಜಾರು ಮಾಡಿಕೊಳ್ಳಲ್ಲ.

ದುಡ್ಡಿಲ್ಲ ಅಥವಾ ಈ ರಾತ್ರಿಯೇ ತಡೆಯೋಕೆ ಆಗ್ತಿಲ್ಲ ಅಂದರೆ ಟೆಲಿ ಮಾನಸ್ ಇದೆ, 14416. ಸರ್ಕಾರ 2022ರಲ್ಲಿ ಶುರು ಮಾಡಿದ್ದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಇನ್ನೇನಾದರೂ ಕೇಳೋದಿದ್ದರೆ ಕ್ಲಬ್ ರೂಮಿಗೆ ಬನ್ನಿ. "ಯಾಕೋ, ಏನಾಯ್ತು?" ಅಂತ ನಾವು ಕೇಳಲ್ಲ.