ನಾಲ್ಕು ತಿಂಗಳ ನೆರೆಹೊರೆ

ಅಮೆರಿಕದ ಕ್ರೈಸ್ತ ಕಾಲೇಜುಗಳಲ್ಲಿ ಒಂದು ಪದ್ಧತಿ ಇದೆ. ಪದವಿ ಓದುವ ಹುಡುಗ ಹುಡುಗಿಯರು ಒಂದು ಸೆಮಿಸ್ಟರ್, ಅಂದರೆ ಮೂರು ನಾಲ್ಕು ತಿಂಗಳು, ಬೇರೊಂದು ದೇಶದಲ್ಲಿ ಉಳಿದು ಕಲಿಯಬಹುದು. ಹಾಗೆ ಕಲಿತದ್ದೂ ಪದವಿಯ ಲೆಕ್ಕಕ್ಕೆ ಸೇರುತ್ತದೆ. ಮಿನ್ನೆಸೋಟದ ಗಸ್ಟಾವಸ್ ಅಡಾಲ್ಫಸ್ ಮತ್ತು ಕಾಂಕಾರ್ಡಿಯಾ ಕಾಲೇಜುಗಳು ಲೂಥರನ್ ಪಂಥದವರು ಕಟ್ಟಿದವು. ಅವು ತಮ್ಮ ವಿದ್ಯಾರ್ಥಿಗಳನ್ನು ಬೆಂಗಳೂರಿನ ಹೊರವಲಯದ ವಿಸ್ತಾರ್ ಸಂಸ್ಥೆಗೆ ಕಳಿಸುತ್ತಿದ್ದವು. ಪಾಠ ಬೈಬಲ್ಲಿನದಲ್ಲ, ಸಾಮಾಜಿಕ ನ್ಯಾಯ, ಶಾಂತಿ, ಅಭಿವೃದ್ಧಿ. ಕೊಪ್ಪಳದಲ್ಲಿ ದೇವದಾಸಿಯರ ಹೆಣ್ಣುಮಕ್ಕಳಿಗಾಗಿ 'ಬಾಂಧವಿ' ಕಟ್ಟಿದ್ದೂ ಇದೇ ವಿಸ್ತಾರ್.

ನಮ್ಮ ಅರಸೀಕೆರೆ ಜಂಕ್ಷನ್ ಊರು. ಬೆಂಗಳೂರು-ಹುಬ್ಬಳ್ಳಿ ಹಳಿಗೆ ಮೈಸೂರಿನ ಹಳಿ ಬಂದು ಕೂಡುವುದು ಇಲ್ಲೇ. ಹೊರದೇಶದವರು ಇಳಿದರೆಂದರೆ ಬೇಲೂರು-ಹಳೇಬೀಡಿಗೇ ಎಂಬುದು ಆಟೋದವರ ಲೆಕ್ಕ. ಊರೊಳಗೇ 1220ರ ಹೊತ್ತಿನ ಈಶ್ವರ ದೇವಾಲಯವಿದೆ, ಅದರ ನಕ್ಷತ್ರಾಕಾರದ ಮಂಟಪ ಕಂಡರೆ ಕಣ್ಣು ತಂಪಾಗುತ್ತದೆ. ಅದಕ್ಕೆಂದೇ ಇಳಿಯುವವರು ಕಡಿಮೆ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ತಂಡ ಬಂದಾಗ ಪರಿಚಯದ ಮೇಷ್ಟ್ರೊಬ್ಬರು ನಮ್ಮನ್ನೂ ಜೊತೆಗೆ ಕರೆದರು. ಕಥೆ ಬರೆಯುವ ಸಾಬರು, ಉರ್ದು-ಕನ್ನಡ ಬಲ್ಲವರು, ಹರಕು ಮುರಕು ಇಂಗ್ಲಿಷೂ ಇದೆ ಎಂಬುದೇ ನಮ್ಮ ಅರ್ಹತೆ. ಸ್ಟೇಷನ್ ಎದುರಿನ ಚಹಾದಂಗಡಿಯವನು ಮೆಲ್ಲಗೆ ಕೇಳಿದ, "ಇವ್ರು ಮತಾಂತರದೋರಾ ಸಾಬ್ರೆ?"

"ಪರೀಕ್ಷೆ ಬರೆಯೋರು ಕಣಪ್ಪಾ" ಎಂದೆವು. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಹಳೇಬೀಡಿನ ಗೈಡು ಮಾತಿನಮಲ್ಲ. 1311ರಲ್ಲಿ ಮಲಿಕ್ ಕಾಫರ್ ದೋರಸಮುದ್ರಕ್ಕೆ ಬಂದದ್ದರಿಂದ ಶುರುಮಾಡಿ, ಮುರಿದ ಮೂಗು, ಕೈಕಾಲುಗಳನ್ನೆಲ್ಲ ಅವನೊಬ್ಬನ ಖಾತೆಗೇ ಜಮಾ ಮಾಡಿದ. ಆಗ ಒಬ್ಬ ಹುಡುಗಿ ನಮ್ಮ ಕಡೆ ತಿರುಗಿ ಕೇಳಿದಳು, "ಇದನ್ನು ಇಲ್ಲಿ ನಿಂತು ಕೇಳುವಾಗ ನಿಮಗೆ ಏನನಿಸುತ್ತದೆ?"

ಚಿಕ್ಕಂದಿನಿಂದ ನಾವು ಆ ಗುಡಿಗೆ ಹೋಗುತ್ತಿದ್ದೇವೆ. ಜೊತೆಗೆ ಓದಿದವರು, ಜೊತೆಗೆ ಕೆಲಸ ಮಾಡಿದವರು ಎಷ್ಟೋ ಸಲ ಪಕ್ಕದಲ್ಲಿ ನಿಂತು ಇದೇ ಕಥೆ ಕೇಳಿದ್ದಾರೆ. ಕೆಲವರು ಮುಜುಗರದಿಂದ ಬೇರೆ ಕಡೆ ನೋಡಿದ್ದಾರೆ, ಕೆಲವರು ಬೇಕೆಂದೇ ನಮ್ಮನ್ನು ನೋಡಿದ್ದಾರೆ. ಬಾಯಿಬಿಟ್ಟು ಕೇಳಿದವರು ಒಬ್ಬರೂ ಇಲ್ಲ.

ನಾವು ಹೇಳಿದೆವು: ನಮ್ಮ ಮುತ್ತಜ್ಜ ತೆಂಗಿನಕಾಯಿ ಸುಲಿಯುತ್ತಿದ್ದವರು, ಕಾಫರ್ ನಮಗೆ ಬಿಟ್ಟುಹೋದ ಆಸ್ತಿ ಏನೂ ಇಲ್ಲ. ಆದರೂ ಆ ಹೆಸರು ಬಂದಾಗಲೆಲ್ಲ ಬೆನ್ನು ಬಿಗಿಯುತ್ತದೆ. ಇನ್ನೊಂದನ್ನೂ ಹೇಳಿದೆವು. ಮುಮ್ಮಡಿ ಬಲ್ಲಾಳ ಕಾಫರನೊಡನೆ ರಾಜಿ ಮಾಡಿಕೊಂಡು ಮಗನನ್ನು ದಿಲ್ಲಿಗೆ ಕಳಿಸಿದ್ದ. ಮಧುರೆಯ ಸುಲ್ತಾನರ ವಿರುದ್ಧ ಕಾದಿದ ಅದೇ ಬಲ್ಲಾಳನ ದಂಡಿನಲ್ಲಿ ಇಪ್ಪತ್ತು ಸಾವಿರದಷ್ಟು ಮುಸಲ್ಮಾನರಿದ್ದರೆಂದು ಇಬ್ನ್ ಬತೂತ ಬರೆದಿದ್ದಾನೆ. ಪುಂಡರು, ಓಡಿಬಂದ ಗುಲಾಮರು ಎಂದು ಅವರನ್ನು ಬೈದೂ ಇದ್ದಾನೆ, ಪುಣ್ಯಾತ್ಮ! ಗೈಡು ಹತ್ತಿರ ಬಂದು, "ಇದು ಯಾವ ಪುಸ್ತಕದಲ್ಲಿದೆ ಸಾರ್?" ಎಂದು ಕೇಳಿ ಹೆಸರು ಬರೆದುಕೊಂಡ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ತನ್ನ ಊರಿನ ಕಡೆಯದನ್ನು ಹೇಳಿದಳು. 1851ರ ಒಪ್ಪಂದದಲ್ಲಿ ಡಕೋಟಾ ಜನರ ನೆಲ ಬಿಳಿಯರ ಪಾಲಾಯಿತು. 1862ರ ಡಿಸೆಂಬರ್ 26ರಂದು ಮ್ಯಾಂಕೇಟೋದಲ್ಲಿ 38 ಮಂದಿ ಡಕೋಟಾ ಗಂಡಸರನ್ನು ಒಂದೇ ದಿನ ನೇಣಿಗೆ ಹಾಕಿದರು. "ಅಲ್ಲಿ ನನ್ನನ್ನು ಯಾರೂ ಹೀಗೆ ಕೇಳುವುದಿಲ್ಲ. ನಾನೂ ಯಾರನ್ನೂ ಕೇಳಿಲ್ಲ" ಎಂದಳು. ಕೇಳಲು ಹಳೇಬೀಡಿನವರೆಗೆ ಬರಬೇಕಾಯಿತು.

ಬೇಲೂರಿನಲ್ಲಿ ಚೆನ್ನಕೇಶವನ ರಥೋತ್ಸವದಂದು ಮೌಲ್ವಿಯೊಬ್ಬರು ಕುರ್‌ಆನಿನ ಸಾಲು ಓದುವ ರೂಢಿಯನ್ನು ಅವರಿಗೆ ವಿವರಿಸಿದೆವು. 2022ರಲ್ಲಿ ಇದನ್ನು ನಿಲ್ಲಿಸಬೇಕೆಂದು ಗಲಾಟೆಯಾಯಿತು, ಆ ವರ್ಷ ಓದು ನಡೆಯಿತು. ಮರುವರ್ಷ ಮತ್ತೆ ತಕರಾರು ಎದ್ದಿತು. ಪತ್ರಿಕೆಯಲ್ಲಿ ಅದನ್ನು ಓದುವಾಗ ಆ ಮಕ್ಕಳ ನೋಟುಪುಸ್ತಕಗಳು ನೆನಪಾದವು.

ಇವರನ್ನು ಹೊಗಳಿಯೇ ಮುಗಿಸುವ ಹಾಗಿಲ್ಲ. ನಾಲ್ಕು ತಿಂಗಳಿಗೆ ಒಂದು ನಾಡು ಅರ್ಥವಾಗುವುದಿಲ್ಲ. ಒಬ್ಬ ಹುಡುಗ ನಮ್ಮ ಅಡುಗೆಮನೆಯ ಫೋಟೋ ತೆಗೆಯಲು ಹೊರಟಾಗ ಅಮ್ಮೀ, "ಮೊದಲು ಕೂತು ಉಣ್ಣಲಿ" ಎಂದು ಕೈ ಹಿಡಿದು ಕೂರಿಸಿದರು. ಉಂಡ ಮೇಲೆ ಅವನಿಗೆ ಫೋಟೋ ಮರೆತೇಹೋಯಿತು. ಅಲ್ಲದೆ, ಮಿನ್ನೆಸೋಟದವರು ಇಲ್ಲಿಗೆ ಬಂದಂತೆ ನಮ್ಮ ಜಾವಗಲ್ಲಿನ ಹುಡುಗಿ ಅಲ್ಲಿಯ ಇಗರ್ಜಿಯಲ್ಲಿ ಕೂತು ಅವರನ್ನು ಗಮನಿಸಿ ಪ್ರಬಂಧ ಬರೆಯುವುದುಂಟೆ? ವೀಸಾ, ದುಡ್ಡು ಎರಡೂ ಅಡ್ಡ ನಿಲ್ಲುತ್ತವೆ.

ಅಷ್ಟು ದೂರ ಬೇಡ ಬಿಡಿ. ನಮ್ಮ ಕಾಲೇಜು ಮಕ್ಕಳ ಟೂರು ನೀವು ನೋಡಿರುತ್ತೀರಿ. ನಸುಕಿಗೆ ಬಸ್ಸು, ಎಂಟಕ್ಕೆ ಬೇಲೂರು, ಹನ್ನೊಂದಕ್ಕೆ ಹಳೇಬೀಡು, ಮರದಡಿ ಪುಳಿಯೋಗರೆ, ಸಂಜೆಗೆ ಶ್ರವಣಬೆಳಗೊಳ, ದಾರಿಯುದ್ದ ಅಂತ್ಯಾಕ್ಷರಿ. ನಾವು ಕಲಿತ ಉರ್ದು ಶಾಲೆಗೂ ಆಮೇಲೆ ಸೇರಿದ ಕನ್ನಡ ಶಾಲೆಗೂ ನಡುವೆ ಒಂದೇ ಗೋಡೆಯಿತ್ತು. ಎರಡೂ ಕಡೆಯ ಮಕ್ಕಳು ಆ ಗೋಡೆಯ ಮೇಲಿಂದ ಚೆಂಡು ಎಸೆದುಕೊಂಡರೇ ಹೊರತು ಒಬ್ಬರ ಮನೆಯಲ್ಲಿ ಇನ್ನೊಬ್ಬರು ಒಂದು ರಾತ್ರಿ ಮಲಗಿದ್ದಿಲ್ಲ. ಪದವಿಯ ಒಂದು ಸೆಮಿಸ್ಟರಿನಲ್ಲಿ ಒಂದೇ ತಿಂಗಳು ಅಗ್ರಹಾರದ ಹುಡುಗ ನಮ್ಮ ಮೊಹಲ್ಲಾದಲ್ಲಿ, ಮೊಹಲ್ಲಾದ ಹುಡುಗ ಸಕಲೇಶಪುರದ ತೋಟದ ಲೈನುಮನೆಯಲ್ಲಿ ಇದ್ದು ಬರಲಿ, ಅದಕ್ಕೂ ಅಂಕ ಕೊಡಿ ಎಂದು ಆ ಮೇಷ್ಟ್ರಿಗೆ ಹೇಳಿದೆವು. "ಹುಡುಗರನ್ನು ಒಪ್ಪಿಸಬಹುದು, ತಂದೆತಾಯಂದಿರನ್ನು ಒಪ್ಪಿಸುವವರು ಯಾರು?" ಎಂದರು. ನಾವು ನಮ್ಮ ಮನೆಯಲ್ಲೇ ಕೇಳಿದೆವು. ಅಮ್ಮೀ ಯೋಚಿಸಿ, ಮಹಡಿಯ ಕೋಣೆ ಖಾಲಿಯಿದೆ, ಆದರೆ ಮಾಂಸ ತಿನ್ನದ ಹುಡುಗನಾದರೆ ಪಾತ್ರೆ ಬೇರೆ ತರಬೇಕಾಗುತ್ತದೆ ಎಂದರು.