ವಿಮಾನವೀರ ಬಾಬ್ ಹೂವರ್

ಲೋಕದಲ್ಲಿ ಕೌತುಕವನ್ನು ತೋರಿಸುವವರು ಬಹುಮಂದಿ ಇರುವರು. ದೊಂಬನು ಹಗ್ಗದ ಮೇಲೆ ನಡೆಯುವುದನ್ನು ನೋಡಿ ಚಪ್ಪಾಳೆ ತಟ್ಟುತ್ತೇವೆ. ಆಟವು ಮುಗಿದೊಡನೆ ಮನೆಗೆ ಹಿಂದಿರುಗಿ ಅವನನ್ನು ಮರೆಯುತ್ತೇವೆ. ಆದರೆ ಕೌತುಕವನ್ನು ತೋರಿಸಿದವನಲ್ಲಿ ಕೌಶಲದೊಡನೆ ಶೀಲವೂ ಸೇರಿದ್ದಿತೆಂದರೆ, ಅವನ ನೆನಪು ಅವನನ್ನು ಕಾಣದವರ ಮನಸ್ಸಿನಲ್ಲಿಯೂ ನಿಲ್ಲುವುದು. ಅಮೆರಿಕಾ ದೇಶದ ಬಾಬ್ ಹೂವರ್ ಮಹಾಶಯರು ಅಂತಹವರು. ಅವರು 2016ನೆಯ ಇಸವಿಯ ಅಕ್ಟೋಬರ್ 25ರಂದು, ತೊಂಬತ್ತನಾಲ್ಕು ವರ್ಷಗಳ ತುಂಬುಜೀವನವನ್ನು ನಡೆಸಿ, ಕಾಲವಾದರು. ವಿಮಾನಪ್ರದರ್ಶನಗಳನ್ನು ಬಲ್ಲವರು ಇಂದಿಗೂ ಅವರ ಹೆಸರನ್ನು ಆದರದಿಂದ ನೆನೆಯುವರು.

ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ವಿಶ್ರಾಂತಿ ಪಡೆದಿರುವ ಉಪಾಧ್ಯಾಯನಿಗೂ ಆ ಗಗನಚಾರಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ವಿಮಾನದ ಕಾರ್ಖಾನೆಯಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನು ರಜೆಗೆ ಬಂದಿದ್ದಾಗ ತನ್ನ ಮೊಬೈಲಿನಲ್ಲಿ ಒಂದು ಚಲಚ್ಚಿತ್ರವನ್ನು ತೋರಿಸಿದನು. ಹೂವರ್ ಮಹಾಶಯರು ವಿಮಾನವನ್ನು ಆಕಾಶದಲ್ಲಿ ಪೀಪಾಯಿಯಂತೆ ಉರುಳಿಸುತ್ತಲೇ ಲೋಟಕ್ಕೆ ಚಹಾ ಬಗ್ಗಿಸಿಕೊಳ್ಳುತ್ತಿದ್ದರು. "ಮಾವ, ವಿಮಾನವು ತಲೆಕೆಳಗಾದರೂ ಒಂದು ತೊಟ್ಟು ಚೆಲ್ಲಲಿಲ್ಲ, ನೋಡಿದಿರಾ?" ಎಂದನು. ಬಾಗಿಲ ಬಳಿ ನಿಂತಿದ್ದ ನನ್ನ ಗೃಹಿಣಿಯು, "ಅದೇನು ಮಹಾ! ಚಿಕ್ಕವರಾಗಿದ್ದಾಗ ನಾವು ನೀರು ತುಂಬಿದ ಚೊಂಬಿಗೆ ಹಗ್ಗ ಕಟ್ಟಿ ಗಿರ್ರನೆ ತಿರುಗಿಸುತ್ತಿರಲಿಲ್ಲವೆ?" ಎಂದಳು. ಹುಡುಗನು ನಕ್ಕು, "ಅತ್ತೆ ಹೇಳಿದ್ದೇ ಶಾಸ್ತ್ರ. ಆದರೆ ಚೊಂಬಿನೊಳಗೆ ಕುಳಿತು ತಿರುಗಿಸಬೇಕು, ಅಷ್ಟೆ!" ಎಂದನು. ಅಂದಿನಿಂದ ನಾನು ಆ ಮಹಾಶಯರ ಚರಿತ್ರೆಯನ್ನು ಆಸಕ್ತಿಯಿಂದ ಓದಿದೆನು.

ಅವರು 1922ರ ಜನವರಿ 24ರಂದು ಟೆನೆಸಿ ಪ್ರಾಂತದ ನ್ಯಾಶ್‌ವಿಲ್ ನಗರದಲ್ಲಿ ಜನಿಸಿದರು. ಹುಡುಗತನದಲ್ಲಿ ದಿನಸಿ ಅಂಗಡಿಯೊಂದರಲ್ಲಿ ದುಡಿದು, ಆ ಹಣದಿಂದ ವಿಮಾನ ನಡೆಸುವುದನ್ನು ಕಲಿಯತೊಡಗಿದರು. ಆದರೆ ವಿಮಾನವೇರಿದೊಡನೆ ಅವರಿಗೆ ಹೊಟ್ಟೆ ತೊಳಸುತ್ತಿದ್ದಿತು. ಮತ್ತೊಬ್ಬನಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದನು. ಇವರಾದರೋ ವಿಮಾನವನ್ನು ಉರುಳಿಸಿ, ಮಗುಚಿ, ಆ ಬಾಧೆಯು ತಾನಾಗಿ ಸೋಲುವವರೆಗೂ ಅಭ್ಯಾಸಮಾಡಿದರು. ಮುಂದೆ ಜಗತ್ಪ್ರಸಿದ್ಧವಾದ ವಿದ್ಯೆಯು ಹೀಗೆ ಒಂದು ದೌರ್ಬಲ್ಯದ ಔಷಧವಾಗಿ ಆರಂಭವಾಯಿತು.

ಎರಡನೆಯ ಮಹಾಯುದ್ಧದಲ್ಲಿ, 1944ರ ಫೆಬ್ರವರಿ 9ರಂದು, ಫ್ರಾನ್ಸಿನ ದಕ್ಷಿಣ ಕರಾವಳಿಯ ಬಳಿ ಅವರ ವಿಮಾನವನ್ನು ಶತ್ರುಗಳು ಹೊಡೆದುರುಳಿಸಿದರು. ಜರ್ಮನಿಯ ಬಾರ್ತ್ ಎಂಬಲ್ಲಿಯ ಸೆರೆಶಿಬಿರದಲ್ಲಿ ಒಂದು ವರ್ಷಕ್ಕೂ ಮಿಗಿಲಾಗಿ ಬಂಧಿತರಾಗಿದ್ದು, ಯುದ್ಧದ ಕೊನೆಯ ದಿನಗಳಲ್ಲಿ ತಪ್ಪಿಸಿಕೊಂಡು, ಶತ್ರುವಿನ ವಿಮಾನವೊಂದನ್ನೇ ಏರಿ ಹಾಲೆಂಡಿಗೆ ಹಾರಿದುದಾಗಿ ಅವರು ಹೇಳಿಕೊಂಡಿರುವರು. 1947ರ ಅಕ್ಟೋಬರ್ 14ರಂದು ಚಕ್ ಯೇಗರ್ ಎಂಬವರು ಶಬ್ದವೇಗವನ್ನು ಮೀರಿ ಹಾರಿದಾಗ, ಬೆಂಬಲದ ವಿಮಾನವೊಂದನ್ನು ನಡೆಸುತ್ತಿದ್ದವರು ಹೂವರ್. ಆ ಕೀರ್ತಿಯು ಗೆಳೆಯನ ಪಾಲಾಯಿತೆಂದು ಅವರು ಹಲುಬಲಿಲ್ಲ.

ಅವರ ಪ್ರದರ್ಶನಗಳಲ್ಲಿ ಶಿರೋಮಣಿಯಾದುದು ಎಂಜಿನುಗಳನ್ನು ನಿಲ್ಲಿಸಿ ಹಾರುವ ಆಟ. ವರ್ತಕರ ಪ್ರಯಾಣಕ್ಕಾಗಿ ನಿರ್ಮಿಸಿದ ಶ್ರೈಕ್ ಕಮಾಂಡರ್ ಎಂಬ ಎರಡು ಎಂಜಿನುಗಳ ವಿಮಾನವನ್ನು ಆಕಾಶಕ್ಕೆ ಒಯ್ದು, ಎರಡನ್ನೂ ಆರಿಸಿಬಿಡುವರು. ಆ ನಿಶ್ಶಬ್ದದಲ್ಲಿ ವಿಮಾನವು ಕೆಳಕ್ಕೆ ಧುಮುಕಿ, ಬಂದ ವೇಗದಿಂದಲೇ ಮೇಲೆದ್ದು ಸುತ್ತು ಹಾಕಿ, ಎಂಟು ನಿಲುವುಗಳಲ್ಲಿ ಹೊರಳಿ, ಕೊನೆಗೆ ನೆಲಕ್ಕಿಳಿದು, ಅದೇ ಓಟದಲ್ಲಿ ಪ್ರೇಕ್ಷಕರ ಮುಂದೆ ಬಂದು ನಿಲ್ಲುವುದು. ಗೃಹಸ್ಥರಿಗೆ ಇದರ ಮರ್ಮವು ಸುಲಭವಾಗಿ ತಿಳಿಯುವುದು. ಎತ್ತರವು ಕೂಡಿಟ್ಟ ಧನ. ವೇಗವು ಕೈಯಲ್ಲಿರುವ ರೊಕ್ಕ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಬಹುದು. ಆದರೆ ಪ್ರತಿಯೊಂದು ಕೊಳುಕೊಡೆಯಲ್ಲಿಯೂ ಗಾಳಿಯು ತನ್ನ ಸುಂಕವನ್ನು ತೆಗೆದುಕೊಳ್ಳುವುದು. ಸಂಪಾದನೆ ನಿಂತ ಮೇಲೆ ಒಂದು ಕಾಸೂ ಪೋಲಾಗದಂತೆ ಸಂಸಾರವನ್ನು ದಡಮುಟ್ಟಿಸಿದಂತೆ ಆ ವಿದ್ಯೆ! ವಿಮಾನಚಾಲಕರಲ್ಲಿ ಇವರಿಗೆ ಸಮಾನರಿಲ್ಲವೆಂದು ಜಿಮ್ಮಿ ಡೂಲಿಟಲ್‌ರಂತಹ ಸೇನಾನಿಯೇ ಹೊಗಳಿದುದು ಅತಿಶಯವಲ್ಲ.

ಈ ಕಲೆಯಲ್ಲಿ ಮೃತ್ಯುವು ಸದಾ ಬಳಿಯಲ್ಲಿಯೇ ಇರುವುದು. ಬೀದರಿನಲ್ಲಿ ನೆಲೆಗೊಂಡ ನಮ್ಮ ಸೂರ್ಯಕಿರಣ ತಂಡದ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿಯವರು 2019ರ ಫೆಬ್ರವರಿ 19ರಂದು ಯಲಹಂಕದ ಆಕಾಶದಲ್ಲಿ ಅಭ್ಯಾಸ ಮಾಡುತ್ತಿರುವಾಗಲೇ ಪ್ರಾಣ ಕಳೆದುಕೊಂಡುದನ್ನು ಕನ್ನಡಿಗರು ಮರೆತಿಲ್ಲ. ಹೂವರ್ ಮಹಾಶಯರಿಗೂ ಒಂದು ದಿನ ಹಾಗೆಯೇ ಆಗಬೇಕಾಗಿದ್ದಿತು. ಅವರ ಶೀಲವು ಬೆಳಗಿದುದೂ ಅಂದೇ.

ಸ್ಯಾನ್ ಡಿಯಾಗೋ ನಗರದಲ್ಲಿ ಪ್ರದರ್ಶನವನ್ನು ಮುಗಿಸಿ ಹಿಂದಿರುಗುವಾಗ, ವಿಮಾನವು ನೆಲಬಿಟ್ಟು ಕೆಲವು ನೂರು ಅಡಿ ಏರುವಷ್ಟರಲ್ಲಿ ಎರಡು ಎಂಜಿನುಗಳೂ ನಿಂತುಹೋದವು. ಸಂಗಡ ಇಬ್ಬರು ಇದ್ದರು. ಹೂವರ್ ಹೇಗೋ ವಿಮಾನವನ್ನು ಇಳಿಸಿದರು. ವಿಮಾನವು ಜಖಂಗೊಂಡಿತು, ಮೂವರೂ ಉಳಿದರು. ಪೆಟ್ರೋಲು ತುಂಬಬೇಕಾದ ತೊಟ್ಟಿಗೆ ಜೆಟ್ ವಿಮಾನದ ಎಣ್ಣೆಯನ್ನು ತುಂಬಿದ್ದುದು ತಿಳಿಯಬಂದಿತು. ನಿಲ್ದಾಣಕ್ಕೆ ಹಿಂದಿರುಗಿದಾಗ, ಎಣ್ಣೆ ತುಂಬಿದ್ದ ಆ ಯುವಕನು ಕಣ್ಣೀರು ಸುರಿಸುತ್ತ ನಿಂತಿದ್ದನು. ಹೂವರ್ ಅವನ ಹೆಗಲ ಮೇಲೆ ಕೈಯಿಟ್ಟು, ಈ ತಪ್ಪು ನಿನ್ನಿಂದ ಮತ್ತೆಂದೂ ಆಗದೆಂದು ನಾನು ಬಲ್ಲೆನು, ಆದುದರಿಂದ ನಾಳೆ ನನ್ನ ಇನ್ನೊಂದು ವಿಮಾನವನ್ನು ನೀನೇ ಅಣಿಗೊಳಿಸಬೇಕು ಎಂಬರ್ಥದಲ್ಲಿ ಮಾತನಾಡಿದರು. ಅಷ್ಟಕ್ಕೇ ಸುಮ್ಮನಾಗಲೂ ಇಲ್ಲ. ಜೆಟ್ ಎಣ್ಣೆಯ ಕೊಳವೆಯ ಮೂತಿಯು ಪೆಟ್ರೋಲಿನ ತೊಟ್ಟಿಯ ಬಾಯಿಗೆ ಹಿಡಿಯದಂತೆ ಅಗಲಮಾಡುವ ಉಪಾಯವು ಬಳಕೆಗೆ ಬರಲು ಯತ್ನಿಸಿದರು. ಆ ಮೂತಿಗೆ ಅವರ ಹೆಸರೇ ನಿಂತಿದೆ.

ಇದನ್ನು ಓದಿದಾಗ ನನ್ನ ಬಾಲ್ಯದ ಸಂಗತಿಯೊಂದು ನೆನಪಾಯಿತು. ನಾನು ಓದುತ್ತಿದ್ದ ಶಾಲೆಯಲ್ಲಿ ಗಂಟೆ ಬಾರಿಸುವ ಕೆಲಸ ನನ್ನ ಸಹಪಾಠಿಯದು. ಬಡವರ ಮಗನಾದ ಅವನಿಗೆ ಅದೊಂದೇ ಹೆಮ್ಮೆ. ಮೇಲಧಿಕಾರಿಗಳು ತನಿಖೆಗೆ ಬಂದ ದಿನ ಅವನು ಗಡಿಯಾರವನ್ನು ತಪ್ಪಾಗಿ ನೋಡಿ ಒಂದು ತಾಸು ಮುಂಚಿತವಾಗಿ ಬಿಡುಗಡೆಯ ಗಂಟೆ ಹೊಡೆದನು. ಮುಖ್ಯೋಪಾಧ್ಯಾಯರು ಎಲ್ಲರೆದುರು ಕೊಡತಿಯನ್ನು ಕಸಿದುಕೊಂಡು, ಇನ್ನು ಇದನ್ನು ಮುಟ್ಟಬೇಡವೆಂದರು. ಹೊಡೆಯಲಿಲ್ಲ, ಬೈಯಲಿಲ್ಲ, ಮರುದಿನ "ಹೋಗಲಿ, ಕ್ಷಮಿಸಿದ್ದೇನೆ" ಎಂದೂ ಹೇಳಿದರು. ಆದರೆ ಕೊಡತಿಯು ಬೇರೊಬ್ಬನ ಕೈಸೇರಿತು. ಆ ಹುಡುಗನು ಕೆಲವು ದಿನ ಬಂದು, ಆಮೇಲೆ ಬಾರದೆಹೋದನು. ಒಂದು ತಾಸಿನ ತಪ್ಪಿಗೆ ಒಂದು ಜನ್ಮದ ವಿದ್ಯೆಯು ಹೋಯಿತು.

ಬಾಯಲ್ಲಿ ಕ್ಷಮಿಸುವುದು ಬೇರೆ. ತಪ್ಪಿದ ಕೈಗೇ ಮರಳಿ ಕೆಲಸವನ್ನು ಒಪ್ಪಿಸುವುದು ಬೇರೆ. ಮೊದಲನೆಯದರಲ್ಲಿ ಹಿರಿಯನಿಗೆ ಯಾವ ನಷ್ಟವೂ ಇಲ್ಲ. ಎರಡನೆಯದರಲ್ಲಿ ಅವನೂ ಏನನ್ನಾದರೂ ಪಣವಾಗಿಡಬೇಕು. ಹೂವರ್ ಇಟ್ಟುದು ಸ್ವಂತ ಪ್ರಾಣವನ್ನು.

ಎಪ್ಪತ್ತರ ವಯಸ್ಸಿನಲ್ಲಿ ಅಧಿಕಾರಿಗಳು ಅವರ ಆರೋಗ್ಯಪತ್ರವನ್ನು ಹಿಂತೆಗೆದುಕೊಂಡರು. ಅವರು ಧೈರ್ಯಗೆಡದೆ ಆಸ್ಟ್ರೇಲಿಯಾದ ಅನುಮತಿ ಪಡೆದು ಅಲ್ಲಿ ಹಾರಿದರು; 1995ರಲ್ಲಿ ಸ್ವದೇಶದ ಅನುಮತಿಯೂ ಮರಳಿತು. ತಾವು ಒಬ್ಬ ಹುಡುಗನಿಗೆ ಕೇಳದೆಯೇ ಕೊಟ್ಟುದನ್ನು ಅವರು ವರ್ಷಗಟ್ಟಲೆ ಕೇಳಿ ಪಡೆಯಬೇಕಾಯಿತು. ಆ ಶ್ರೈಕ್ ವಿಮಾನವು ಈಗ ವರ್ಜೀನಿಯಾ ಪ್ರಾಂತದಲ್ಲಿರುವ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಸಂಸ್ಕೃತದಲ್ಲಿ "ಕ್ಷಮಾ" ಎಂಬ ಶಬ್ದಕ್ಕೆ ತಾಳ್ಮೆಯೆಂದೂ ಭೂಮಿಯೆಂದೂ ಎರಡು ಅರ್ಥಗಳಿವೆ. ಎಷ್ಟೇ ಎತ್ತರಕ್ಕೆ ಹಾರಿದವನಿಗೂ ಕೊನೆಗೆ ಇಳಿಯಲು ನೆಲ ಬೇಕು. ನಮ್ಮ ಮನೆಗಳಲ್ಲಿ ಹಾಲು ಚೆಲ್ಲಿದ ಮಗುವಿದೆ, ಲೆಕ್ಕ ತಪ್ಪಿದ ಮಗನಿದ್ದಾನೆ, ಉಪ್ಪು ಹೆಚ್ಚಿಸಿದ ಸೊಸೆಯಿದ್ದಾಳೆ. ನಾಳೆಯ ಹಾಲಿನ ಪಾತ್ರೆಯನ್ನು ಆ ಮಗುವಿನ ಕೈಗೇ ಕೊಡೋಣ.